ಕಿಮೋಗೆ ಮುಂಚೆ ತಂಪು ಟೋಪಿ: ಹಾಕಿಸಬೇಕಾ, ಬೇಡವಾ? ಕೊಪ್ಪಳದ ಮನೆಯೊಂದರ ಲೆಕ್ಕ

ಈ ವಾರದ ಸಂಚಿಕೆಯ ಬರಹ ರೂಪ

 

ಹೋದ ವಾರ ಒಂದು ವಾಯ್ಸ್ ಮೆಸೇಜ್ ಬಂತು. ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಿಂದ. ಹುಡುಗಿ ಡಿಗ್ರಿ ಓದ್ತಾಳೆ. ಹೆಸರು ಹೇಳಬೇಡಿ ಅಂದಿದ್ದಾಳೆ, ಹೇಳಲ್ಲ. ಮಾತು ಮಾತ್ರ ಅವಳ ಒಪ್ಪಿಗೆ ತಗೊಂಡು ಹೇಳ್ತೀನಿ:

"ಅಣ್ಣಾ, ನಮ್ಮವ್ವಗ ಎದಿಯೊಳಗ ಗಂಟು ಇತ್ತು. ಟೆಸ್ಟ್ ಮಾಡಿಸಿದ್ರ ಕ್ಯಾನ್ಸರ್ ಅಂತ ಬಂತು. ಹುಬ್ಬಳ್ಳ್ಯಾಗ ತೋರಿಸೇವಿ. ಇನ್ನ ಹತ್ತು ದಿನಕ್ಕ ಮೊದಲನೇ ಕಿಮೋ ಐತಿ. ಅವ್ವ ಆಪರೇಷನ್ನಿಗೂ ಅಂಜಲಿಲ್ಲ. ಆದ್ರ ಕೂದ್ಲಾ ಎಲ್ಲಾ ಉದುರ್ತಾವು ಅಂದ ಕೂಡ್ಲೆ, ನಾ ಕಿಮೋನ ಒಲ್ಲೆ ಅಂತ ಕುಂತಾಳ. ಇನ್‌ಸ್ಟಾದಾಗ ಒಂದು ಟೋಪಿ ನೋಡಿದೆ. ತಲಿಗೆ ತಂಪು ಮಾಡಿದ್ರ ಕೂದ್ಲಾ ಉಳಿತಾವಂತ. ಖರೇನಾ ಅದು? ನಮ್ಮಂಥವರಿಗೆ ಆಗ್ತದೇನು?"

ಈ ಮೆಸೇಜ್ ಮೂರು ಸಲ ಕೇಳಿದೆ. ಇದು ಬರೀ ಕೂದಲಿನ ಪ್ರಶ್ನೆ ಆಗಿದ್ದಿದ್ದರೆ ಒಂದು ಲಿಂಕ್ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಇಲ್ಲಿ ಕೂದಲಿನ ಭಯಕ್ಕೆ ಒಬ್ಬ ತಾಯಿ ಚಿಕಿತ್ಸೆಯನ್ನೇ ಬೇಡ ಅಂತಿದ್ದಾಳೆ. ಅದಕ್ಕೇ ಇವತ್ತಿನ ಸಂಚಿಕೆ ಪೂರ್ತಿ ಇದರ ಮೇಲೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಲಾಭ, ನಷ್ಟ, ಖರ್ಚು, ರಿಸ್ಕ್ ಇವನ್ನ ಪಕ್ಕ ಪಕ್ಕ ಇಟ್ಟು ನೋಡೋದು ನನಗೆ ಬರುತ್ತೆ. ಕೊನೆಯ ಮಾತು ನಿಮ್ಮ ಕ್ಯಾನ್ಸರ್ ಡಾಕ್ಟರದ್ದೇ.

ಕೂದಲು ಅಂದ್ರೆ ನಮ್ಮಲ್ಲಿ ಸಣ್ಣ ವಿಷಯ ಅಲ್ಲ

"ಕೂದಲೇನು ಮತ್ತೆ ಬರುತ್ತೆ ಬಿಡಿ" ಅಂತ ಹೇಳೋದು ಸುಲಭ. ಹೇಳೋರ ತಲೆ ಮೇಲೆ ಕೂದಲು ಇರುತ್ತಲ್ಲ.

ಕೊಪ್ಪಳಕ್ಕೆ ಅಂಟಿಕೊಂಡೇ ಇರೋ ಭಾಗ್ಯನಗರ ನಿಮಗೆ ಗೊತ್ತು. ಅಲ್ಲಿ ಕೂದಲೇ ಒಂದು ಉದ್ಯಮ. ಓಣಿ ಓಣಿ ತಿರುಗಿ "ಕೂದ್ಲಾ ಕೊಡ್ರೀ" ಅಂತ ಕೂಗಿ ಕೊಂಡ ಕೂದಲು ಅಲ್ಲಿಗೆ ಬರುತ್ತೆ. ಗಂಟು ಬಿಡಿಸಿ, ತೊಳೆದು, ಉದ್ದದ ಪ್ರಕಾರ ಬೇರೆ ಮಾಡಿ, ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸ್ತಾರೆ. ವಿಗ್ ಆಗೋದು ಅದೇ ಕೂದಲು. ಆ ಕೆಲಸದಲ್ಲಿ ಕೂತಿರೋರು ಹೆಚ್ಚಿನವರು ನಮ್ಮ ಹೆಣ್ಣುಮಕ್ಕಳು. ಬಾಚಣಿಗೆಗೆ ಸಿಕ್ಕ ಕೂದಲಿಗೂ ಬೆಲೆ ಇದೆ ಅಂತ ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ತಲೆ ಮೇಲಿನ ಕೂದಲಿಗೆ ಇರೋ ಬೆಲೆ ರೂಪಾಯಿಯಲ್ಲಿ ಬರಲ್ಲ. ಹೆರಳು, ತುರುಬು, ಅದರೊಳಗಿನ ಹೂವು, ಇವು ನಮ್ಮ ಕಡೆ ಮುತ್ತೈದೆತನದ ಗುರುತು. ಹರಕೆ ಹೊತ್ತು ಮುಡಿ ಕೊಟ್ಟರೆ ಅದು ಅವರಾಗಿ ಕೊಟ್ಟಿದ್ದು. ಕಿಮೋದಲ್ಲಿ ಹೋದರೆ ಕಸಿದುಕೊಂಡ ಹಾಗೆ. ಇನ್ನೊಂದು ಭಯ ಯಾರೂ ಬಾಯಿಬಿಟ್ಟು ಹೇಳಲ್ಲ: ತಲೆ ಬೋಳಾದರೆ ಊರಿಗೆಲ್ಲ ಗೊತ್ತಾಗುತ್ತೆ. ಮನೇಲಿ ಮದುವೆಗೆ ಬಂದ ಮಗಳಿದ್ದರೆ, ಸಂಬಂಧ ನೋಡೋಕೆ ಬಂದವರು ಏನಂತಾರೋ ಅನ್ನೋ ಯೋಚನೆ ಬೇರೆ. ಆ ತಾಯಿ "ಒಲ್ಲೆ" ಅಂದಿದ್ದು ಹಟದಿಂದ ಅಂತ ನನಗನ್ನಿಸಲ್ಲ. ಅವಳ ಮುಂದೆ ಇರೋ ಲೆಕ್ಕ ನಮಗೆ ಕಾಣ್ತಿಲ್ಲ ಅಷ್ಟೆ.

ಕಿಮೋ ಕೂದಲಿಗೇ ಯಾಕೆ ಬೀಳುತ್ತೆ?

ಕ್ಯಾನ್ಸರ್ ಕಣ ಬೇಗ ಬೇಗ ಒಡೆದು ಎರಡಾಗುತ್ತೆ. ಕಿಮೋ ಔಷಧ ಹೀಗೆ ಬೇಗ ಬೆಳೆಯೋ ಕಣಗಳಿಗೆ ಹೊಡೆಯುತ್ತೆ. ತೊಂದರೆ ಏನಂದ್ರೆ, ನಮ್ಮ ಮೈಯಲ್ಲಿ ಬೇಗ ಬೆಳೆಯೋ ಒಳ್ಳೆಯ ಕಣಗಳೂ ಇವೆ. ಬಾಯಿಯ ಒಳಪದರ, ಹೊಟ್ಟೆಯ ಒಳಪದರ, ಮತ್ತೆ ಕೂದಲ ಬುಡ. ನಮ್ಮ ತಲೆಯಲ್ಲಿ ನೂರರಲ್ಲಿ 85ರಿಂದ 90 ಕೂದಲು ಯಾವಾಗಲೂ ಬೆಳೆಯೋ ಹಂತದಲ್ಲೇ ಇರುತ್ತೆ. ಅದಕ್ಕೇ ಹೊಡೆತ ಅಷ್ಟು ಜೋರಾಗಿ ಬೀಳುತ್ತೆ. ಮೊದಲ ಕಿಮೋ ಆದ ಎರಡು ಮೂರು ವಾರಕ್ಕೆ ದಿಂಬಿನ ಮೇಲೆ ಗೊಂಚಲು ಗೊಂಚಲು ಕಾಣೋಕೆ ಶುರುವಾಗುತ್ತೆ.

ಎಲ್ಲ ಔಷಧವೂ ಒಂದೇ ತರ ಅಲ್ಲ, ಇದನ್ನ ನೆನಪಿಡಿ. ಡಾಕ್ಸೊರುಬಿಸಿನ್, ಎಪಿರುಬಿಸಿನ್ ಇವೆಯಲ್ಲ, ಸಲೈನ್ ಪೈಪಿನಲ್ಲಿ ಕೆಂಪಗೆ ಇಳಿಯುತ್ತವೆ, ಇವುಗಳಿಂದ ಕೂದಲು ಹೆಚ್ಚು ಕಡಿಮೆ ಪೂರ್ತಿ ಹೋಗುತ್ತೆ. ಪ್ಯಾಕ್ಲಿಟ್ಯಾಕ್ಸೆಲ್, ಡೊಸಿಟ್ಯಾಕ್ಸೆಲ್ ಕೂಡ ಕೂದಲು ಉದುರಿಸುತ್ತವೆ. ಆದರೆ ಕ್ಯಾಪೆಸಿಟಬಿನ್ ಮಾತ್ರೆಯಂಥವುಗಳಲ್ಲಿ ಅಷ್ಟಾಗಿ ಉದುರಲ್ಲ. ಎದೆಗೆ ರೇಡಿಯೇಷನ್ ಕೊಟ್ಟರೆ ತಲೆಗೂದಲು ಹೋಗಲ್ಲ. ಟ್ಯಾಮಾಕ್ಸಿಫೆನ್ ಅನ್ನೋ ಹಾರ್ಮೋನ್ ಮಾತ್ರೆಯಿಂದ ಸ್ವಲ್ಪ ತೆಳುವಾದರೂ ಬೋಳಾಗಲ್ಲ.

ಅಂದ್ರೆ ಟೋಪಿ ವಿಷಯಕ್ಕೆ ಹೋಗೋ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಸರ್, ಅವ್ವಗೆ ಕೊಡೋ ಔಷಧದ ಹೆಸರೇನು? ಅದರಿಂದ ಕೂದಲು ಪೂರ್ತಿ ಹೋಗುತ್ತಾ?" ಎಷ್ಟೋ ಮನೆಗಳಲ್ಲಿ ಇಷ್ಟು ಕೇಳದೇನೇ ಅಳು ಶುರುವಾಗಿರುತ್ತೆ.

ಟೋಪಿ ಮಾಡೋ ಕೆಲಸ ಏನು?

ಗಂಗಾವತಿ ಕಡೆಯವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರೀತಿದೆ ಅಂದುಕೊಳ್ಳಿ. ನಿಮ್ಮ ಗದ್ದೆಗೆ ಬರೋ ತೂಬನ್ನ ಮುಕ್ಕಾಲು ಮುಚ್ಚಿದ್ರಿ. ಕಾಲುವೆ ನಿಲ್ಲಲ್ಲ, ಮುಂದಿನ ಗದ್ದೆಗಳಿಗೆ ನೀರು ಹೋಗೇ ಹೋಗುತ್ತೆ. ನಿಮ್ಮ ಗದ್ದೆಗೆ ಮಾತ್ರ ಕಡಿಮೆ ಬರುತ್ತೆ.

ತಲೆಯ ಚರ್ಮವನ್ನ ಚೆನ್ನಾಗಿ ತಂಪು ಮಾಡಿದಾಗ ಅಲ್ಲಿನ ಸಣ್ಣ ರಕ್ತನಾಳಗಳು ಕುಗ್ಗುತ್ತವೆ. ರಕ್ತದ ಜೊತೆ ಬರೋ ಕಿಮೋ ಔಷಧ ಕೂದಲ ಬುಡಕ್ಕೆ ಕಡಿಮೆ ತಲುಪುತ್ತೆ. ಜೊತೆಗೆ ತಂಪಿಗೆ ಆ ಬುಡದ ಕಣಗಳು ಮಂಪರಾದ ಹಾಗೆ ಆಗಿ, ಬಂದ ಔಷಧವನ್ನೂ ಕಡಿಮೆ ಹೀರುತ್ತವೆ. ಮೈಯ ಉಳಿದ ಕಡೆ ಔಷಧ ತನ್ನ ಕೆಲಸ ಮಾಡ್ತಾ ಇರುತ್ತೆ.

ಈಗಿನ ಯಂತ್ರಗಳಲ್ಲಿ ಸಿಲಿಕೋನ್ ಟೋಪಿಯೊಳಗೆ ತಣ್ಣನೆ ದ್ರವ ಸುತ್ತುತ್ತಾ ಇರುತ್ತೆ. ತಲೆಚರ್ಮದ ಬಿಸಿ 37 ಡಿಗ್ರಿ ಹತ್ತಿರ ಇರೋದನ್ನ ಸುಮಾರು 18ರಿಂದ 22ಕ್ಕೆ ಇಳಿಸಿ, ಅಲ್ಲೇ ಹಿಡಿದಿಡಬೇಕು. ಈ ಯಂತ್ರಗಳಲ್ಲಿ ಹೆಸರಾದದ್ದು ಎರಡು: ಬ್ರಿಟನ್ನಿನ ಪ್ಯಾಕ್ಸ್‌ಮನ್, ಸ್ವೀಡನ್ನಿನ ಡಿಗ್ನಿಕ್ಯಾಪ್. ಪ್ಯಾಕ್ಸ್‌ಮನ್ ಹಿಂದೆ ಒಂದು ಮನೆಯ ಕಥೆ ಇದೆ. ಆ ಕುಟುಂಬ ಮಾಡ್ತಿದ್ದದ್ದು ಬಿಯರ್ ತಂಪು ಮಾಡೋ ಯಂತ್ರಗಳ ವ್ಯಾಪಾರ. 1990ರ ದಶಕದಲ್ಲಿ ಆ ಮನೆಯ ಸೂ ಪ್ಯಾಕ್ಸ್‌ಮನ್‌ಗೆ ಸ್ತನ ಕ್ಯಾನ್ಸರ್ ಆಯ್ತು, ಕಿಮೋದಲ್ಲಿ ಕೂದಲು ಹೋಯ್ತು. ಅದನ್ನ ಕಣ್ಣಾರೆ ಕಂಡ ಮನೆಯವರು ತಮಗೆ ಗೊತ್ತಿದ್ದ ತಂಪಿನ ವಿದ್ಯೆಯನ್ನ ಈ ಕಡೆ ತಿರುಗಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸ್ತನ ಕ್ಯಾನ್ಸರ್ ರೋಗಿಗಳಿಗೆ ಡಿಗ್ನಿಕ್ಯಾಪ್ ಬಳಸಲು 2015ರಲ್ಲಿ, ಪ್ಯಾಕ್ಸ್‌ಮನ್‌ಗೆ 2017ರಲ್ಲಿ ಒಪ್ಪಿಗೆ ಕೊಟ್ಟಿತು.

ಹಾಗಾಗಿ "ಖರೇನಾ ಅದು?" ಅಂತ ಆ ತಂಗಿ ಕೇಳಿದ್ದಕ್ಕೆ ಮೊದಲ ಉತ್ತರ: ಹೌದವ್ವಾ, ಖರೇ. ರೀಲ್ಸಿನ ಎಣ್ಣೆಯಂಥ ಮೋಸ ಅಲ್ಲ.

ಖರೇ, ಆದರೆ ಎಷ್ಟು ಮಂದಿಗೆ?

ಇಲ್ಲಿ ನಿಧಾನವಾಗಿ ಕೇಳಿ. ನಮಗೆ ಹತ್ತಿರದ ಲೆಕ್ಕ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯದು, 2020ರಲ್ಲಿ ಪ್ರಕಟವಾಗಿದ್ದು. 51 ಮಹಿಳೆಯರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ರು. 34 ಮಂದಿಗೆ ಟೋಪಿ, 17 ಮಂದಿಗೆ ಇಲ್ಲ. ಟೋಪಿ ಗುಂಪಿನಲ್ಲಿ ಲೆಕ್ಕಕ್ಕೆ ಸಿಕ್ಕ 32 ಮಂದಿಯಲ್ಲಿ 18 ಮಂದಿಗೆ ಕೂದಲು ಉಳೀತು. ನೂರಕ್ಕೆ 56. ಟೋಪಿ ಇಲ್ಲದ ಗುಂಪಿನಲ್ಲಿ ಒಬ್ಬರಿಗೂ ಉಳೀಲಿಲ್ಲ.

ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳೂ ಇದೇ ದಾರಿ ತೋರಿಸ್ತವೆ. ಒಂದರಲ್ಲಿ 95 ಮಂದಿಯಲ್ಲಿ 48 ಮಂದಿಗೆ ಉಳೀತು, ಇನ್ನೊಂದರಲ್ಲಿ 101ರಲ್ಲಿ 67 ಮಂದಿಗೆ. ಟೋಪಿ ಇಲ್ಲದವರಲ್ಲಿ ಎರಡೂ ಕಡೆ ಸೊನ್ನೆ.

ಈಗ ಸಣ್ಣಕ್ಷರ ಓದೋಣ. ಪಾಲಿಸಿ ತಗೊಳ್ಳುವಾಗ ಓದ್ತೀವಲ್ಲ, ಹಾಗೆ.

ಒಂದು. "ಉಳೀತು" ಅಂದ್ರೆ ಏನು? ಅರ್ಧಕ್ಕಿಂತ ಕಡಿಮೆ ಉದುರಿತು, ವಿಗ್ ಬೇಕಾಗಲಿಲ್ಲ ಅಂತ. ಮೊದಲಿನ ಹೆರಳು ಹಾಗೇ ಇತ್ತು ಅಂತ ಅಲ್ಲ. ಟೋಪಿ ಹಾಕಿದರೂ ಕೂದಲು ತೆಳುವಾಗುತ್ತೆ. ಒಂದೂ ಉದುರದವರು ಬಹಳ ಕಡಿಮೆ. ಹುಬ್ಬು, ರೆಪ್ಪೆಗಳನ್ನ ಟೋಪಿ ಕಾಯಲ್ಲ.

ಎರಡು. ಆ ಕೆಂಪು ಔಷಧ ಇದ್ದಾಗ ಟೋಪಿಯ ಫಲ ಬಹಳ ಕಡಿಮೆ. ಪ್ಯಾಕ್ಲಿಟ್ಯಾಕ್ಸೆಲ್ ತರದ ಔಷಧ ಒಂದೇ ಇದ್ದಾಗ ಫಲ ಹೆಚ್ಚು. ನಮ್ಮಲ್ಲಿ ಎಷ್ಟೋ ಸ್ತನ ಕ್ಯಾನ್ಸರ್ ರೋಗಿಗಳಿಗೆ ಮೊದಲು ಕೆಂಪು ಔಷಧದ 4 ಸೈಕಲ್, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಕೊಡ್ತಾರೆ. ಅಂಥವರಿಗೆ ನೂರಕ್ಕೆ 56 ಅನ್ನೋ ಸರಾಸರಿ ನೋಡಿ ಆಸೆ ಕಟ್ಟಿಕೊಳ್ಳೋದು ತಪ್ಪಾಗಬಹುದು. ಕೇಳಬೇಕಾದದ್ದು "ಟೋಪಿ ಕೆಲಸ ಮಾಡುತ್ತಾ" ಅಂತ ಅಲ್ಲ. "ನಮ್ಮವ್ವನ ಔಷಧಕ್ಕೆ ಟೋಪಿ ಎಷ್ಟು ಕೆಲಸ ಮಾಡುತ್ತೆ" ಅಂತ ಕೇಳಬೇಕು.

ಮೂರು. ಒಳ್ಳೆಯ ಸುದ್ದಿ. ಟಾಟಾ ಅಧ್ಯಯನದಲ್ಲಿ ಟೋಪಿ ಹಾಕಿದವರಿಗೆ ಕೂದಲು ಬೇಗ ವಾಪಸ್ ಬಂತು. ಆರು ವಾರದ ಲೆಕ್ಕದಲ್ಲಿ ಟೋಪಿ ಗುಂಪಿನ ನೂರಕ್ಕೆ 89 ಮಂದಿಗೆ ಮರುಹುಟ್ಟು ಕಂಡಿತು, ಟೋಪಿ ಇಲ್ಲದವರಲ್ಲಿ ನೂರಕ್ಕೆ 12. ಅಂದ್ರೆ ಉದುರಿದರೂ ಟೋಪಿ ಪೂರ್ತಿ ವ್ಯರ್ಥ ಅಲ್ಲ.

ನಾಲ್ಕು. ಅಮೆರಿಕದ ಮೊದಲ ಅಧ್ಯಯನದಲ್ಲಿ ಎರಡೂ ಗುಂಪಿನ ಮಹಿಳೆಯರಿಗೆ ಅವರ ಮನಸ್ಸು, ಜೀವನ ಹೇಗಿದೆ ಅಂತ ಪ್ರಶ್ನೆಪಟ್ಟಿ ಕೊಟ್ಟು ಕೇಳಿದ್ರು. ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಟೋಪಿ ಸಿಗದೇ ಇದ್ದರೆ ಬಾಳೇ ಮುಗೀತು ಅಂದುಕೊಳ್ಳೋ ಮನೆಯವರು ಇದನ್ನ ತಿಳಿದಿರಲಿ.

ಯಾರಿಗೆ ಟೋಪಿ ಬೇಡವೇ ಬೇಡ?

ರಕ್ತದ ಕ್ಯಾನ್ಸರ್ ಇದ್ದವರಿಗೆ, ಅಂದ್ರೆ ಲ್ಯುಕೇಮಿಯಾ, ಲಿಂಫೋಮಾ ಅಂಥವು, ಇದನ್ನ ಹಾಕಲ್ಲ. ಅಲ್ಲಿ ರೋಗ ರಕ್ತದಲ್ಲೇ ಇರುತ್ತೆ, ತಲೆಗೆ ಔಷಧ ಕಡಿಮೆ ಮಾಡೋದು ಅಪಾಯ. ತಲೆಗೆ ರೇಡಿಯೇಷನ್ ಕೊಡೋರಿಗೆ ಬೇಡ. ಚಳಿಗೆ ಮೈಮೇಲೆ ಗಂದೆ ಏಳೋರು, ತಂಪಿಗೆ ರಕ್ತ ಗಟ್ಟಿಯಾಗೋ ಅಪರೂಪದ ಕಾಯಿಲೆ ಇರೋರು ಮೊದಲೇ ಹೇಳಬೇಕು. ವಿಪರೀತ ಮೈಗ್ರೇನ್ ಇದ್ದರೂ ಹೇಳಿ.

"ತಲೆಗೆ ಔಷಧ ಹೋಗದೇ ಇದ್ರೆ ಕ್ಯಾನ್ಸರ್ ಅಲ್ಲೇ ಉಳಿಯಲ್ವಾ?" ಅಂತ ನಿಮ್ಮ ಮಾವನೋ ಕಾಕಾನೋ ಕೇಳೇ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. 2017ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಮಾಡಿ ಸ್ತನ ಕ್ಯಾನ್ಸರ್ ರೋಗಿಗಳ ಲೆಕ್ಕ ನೋಡಿದಾಗ, ತಲೆಚರ್ಮಕ್ಕೆ ಕ್ಯಾನ್ಸರ್ ಹರಡಿದ್ದು ಟೋಪಿ ಹಾಕಿದವರಲ್ಲಿ ನೂರಕ್ಕೆ 0.61, ಹಾಕದವರಲ್ಲಿ 0.41. ಎರಡೂ ನೂರಕ್ಕೆ ಒಂದಕ್ಕಿಂತ ಕಡಿಮೆ, ಅವೆರಡರ ನಡುವಿನ ಅಂತರ ಅಪಾಯ ಅಂತ ಹೇಳೋವಷ್ಟು ದೊಡ್ಡದಲ್ಲ. ಆದರೂ ನಿಮ್ಮ ರೋಗಿಯ ಮಟ್ಟಿಗೆ ಉತ್ತರವನ್ನ ಡಾಕ್ಟರ್ ಬಾಯಿಂದಲೇ ಕೇಳಿ.

ಹಾಕಿಕೊಂಡರೆ ಹೇಗನ್ನಿಸುತ್ತೆ? ಏಪ್ರಿಲ್‌ನಲ್ಲಿ 40 ಡಿಗ್ರಿ ನೋಡಿದ ನಮಗೆ ತಂಪು ಅಂದ್ರೆ ಸುಖ ಅನ್ನಿಸಬಹುದು. ಅದು ಹಾಗಲ್ಲ. ಮೊದಲ ಹತ್ತು ಹದಿನೈದು ನಿಮಿಷ ಹಣೆ ಒಡೆದ ಹಾಗೆ ನೋವು ಬರುತ್ತೆ. ಆಮೇಲೆ ಮರಗಟ್ಟಿ ಹೆಚ್ಚಿನವರಿಗೆ ಹೊಂದಿಕೆ ಆಗುತ್ತೆ. ತಲೆನೋವು, ಚಳಿ, ಹೊಟ್ಟೆ ತೊಳೆಸೋದು ಇರುತ್ತೆ. ಕಂಬಳಿ, ಸ್ವೆಟರ್, ಬಿಸಿ ಚಹಾ ಜೊತೆಗಿರಬೇಕು. ತಡೆಯೋಕಾಗದೆ ಅರ್ಧಕ್ಕೆ ಬಿಡೋರೂ ಇದ್ದಾರೆ, ಅದರಲ್ಲಿ ನಾಚಿಕೆ ಏನಿಲ್ಲ.

ಈಗ ಕೊಪ್ಪಳದ ಲೆಕ್ಕ

ಇಲ್ಲಿಂದ ನನ್ನ ಸಬ್ಜೆಕ್ಟ್. ಪೇಪರ್, ಪೆನ್ ತಗೊಳ್ಳಿ.

ಟೋಪಿಯನ್ನ ಕಿಮೋ ಶುರುವಾಗೋ ಅರ್ಧ ಗಂಟೆ ಮೊದಲೇ ಹಾಕಬೇಕು. ಕಿಮೋ ನಡೆಯೋ ಅಷ್ಟು ಹೊತ್ತೂ ಇರಬೇಕು. ಮುಗಿದ ಮೇಲೂ ಔಷಧ ನೋಡಿಕೊಂಡು ಸಾಮಾನ್ಯವಾಗಿ ಒಂದೂವರೆ ಗಂಟೆ ತೆಗೆಯಂಗಿಲ್ಲ. ಅಂದ್ರೆ ಪ್ರತಿ ಸಲ ಸುಮಾರು ಎರಡು ಗಂಟೆ ಜಾಸ್ತಿ. ಮೊದಲ ಕಿಮೋದಿಂದಲೇ ಶುರು ಮಾಡಬೇಕು, ಪ್ರತಿ ಕಿಮೋಗೂ ಹಾಕಬೇಕು. ಕೂದಲು ಉದುರೋಕೆ ಶುರುವಾದ ಮೇಲೆ ನೆನಪಾದರೆ ತಡವಾಯ್ತು.

ಬೆಂಗಳೂರಿನವರಿಗೆ ಎರಡು ಗಂಟೆ ಅಂದ್ರೆ ಟ್ರಾಫಿಕ್. ನಮಗೆ ಎರಡು ಗಂಟೆ ಅಂದ್ರೆ ತಪ್ಪಿದ ಬಸ್ಸು. ಕೊಪ್ಪಳದಿಂದ ಹುಬ್ಬಳ್ಳಿಗೇ 100 ಕಿಲೋಮೀಟರ್ ಮೇಲಾಗುತ್ತೆ. ಗಂಗಾವತಿ, ಕುಷ್ಟಗಿ ಹಳ್ಳಿಗಳಿಂದ ಇನ್ನೂ ದೂರ. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರ್ತಿದ್ದೋರು ಟೋಪಿ ಕಾರಣಕ್ಕೆ ಒಂದು ರಾತ್ರಿ ಅಲ್ಲೇ ಉಳೀಬೇಕಾಗಬಹುದು.

ಸಾಲು 1: ಎಷ್ಟು ಸಲ? ಕೆಂಪು ಔಷಧದ 4 ಸಲ, ಆಮೇಲೆ ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ 12 ಸಲ ಅಂದ್ರೆ ಒಟ್ಟು 16 ಸಲ.

ಸಾಲು 2: ಟೋಪಿಯ ಶುಲ್ಕ. ಒಂದು ಸಲಕ್ಕೆ ಎಷ್ಟು, ಒಟ್ಟಿಗೆ ಎಷ್ಟು, ಟೋಪಿ ನಮಗೇ ಕೊಡ್ತಾರಾ ಅಂತ ಬರವಣಿಗೆಯಲ್ಲಿ ತಗೊಳ್ಳಿ. 16ರಿಂದ ಗುಣಿಸಿ.

ಸಾಲು 3: ಜೊತೆಗೆ ಬಂದವರ ಕೂಲಿ. ಇದನ್ನ ಯಾರೂ ಬರೆಯಲ್ಲ. 2025–26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಪ್ರತಿ ಸಲ ಒಂದು ದಿನ ಜಾಸ್ತಿ ಹೋದರೆ, 16 ಸಲಕ್ಕೆ ಒಬ್ಬರಿಂದಲೇ 5,920 ರೂಪಾಯಿ.

ಸಾಲು 4: ಲಾಡ್ಜ್, ಊಟ, ಆಟೋ. ಇದನ್ನೂ 16ರಿಂದ ಗುಣಿಸಿ.

ಸಾಲು 5: ಕಳೆಯೋದು. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ ಫ್ರೀ. ತಾಯಿ ಮಗಳು ಇಬ್ಬರೇ ಹೋದರೆ ಬಸ್ ಚಾರ್ಜೇ ಇಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಹೋಗೋರಿಗೆ, ಜೊತೆಯವರಿಗೆ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರಂ ಸಹಿ ಮಾಡಿಸಬೇಕು. 2025ರ ಮೇ ತಿಂಗಳಿಂದ ಕುಷ್ಟಗಿಯಿಂದ ಯಲಬುರ್ಗಾ ಮೇಲೆ ಹುಬ್ಬಳ್ಳಿಗೆ ರೈಲೂ ಇದೆ.

ಕಿಮೋ ಖರ್ಚು ಬೇರೆ ವಿಷಯ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಟೋಪಿ ಆ ಪ್ಯಾಕೇಜಿನೊಳಗೆ ಬರುತ್ತಾ, ಹೊರಗಾ ಅಂತ ಆಸ್ಪತ್ರೆಯಲ್ಲಿ ಕೂರೋ ಆರೋಗ್ಯಮಿತ್ರರನ್ನ ಕೇಳಿ. "ಹೊರಗೆ" ಅಂದರೆ ಇಡೀ ಟೋಪಿ ಖರ್ಚು ನಿಮ್ಮ ಜೇಬಿಂದ.

ಈಗ ದೊಡ್ಡ ಪ್ರಶ್ನೆ. ಈ ಯಂತ್ರ ಇರೋದು ದೊಡ್ಡ ಊರುಗಳ ಕೆಲವೇ ಆಸ್ಪತ್ರೆಗಳಲ್ಲಿ. ನಿಮ್ಮ ಆಸ್ಪತ್ರೆಯಲ್ಲಿ ಇಲ್ಲ ಅಂದ್ರೆ, ಟೋಪಿಗೋಸ್ಕರ ಆಸ್ಪತ್ರೆ ಬದಲಿಸಬೇಕಾ? ಬೆಂಗಳೂರು ಅಂದ್ರೆ 350 ಕಿಲೋಮೀಟರ್ ಆಸುಪಾಸು. ಅದೂ ವಾರ ವಾರ. ಹೊಸ ಆಸ್ಪತ್ರೆ ಅಂದ್ರೆ ಹೊಸ ಫೈಲು, ಹೊಸ ತಾರೀಖು. ಅಷ್ಟರಲ್ಲಿ ಕಿಮೋ ಮುಂದಕ್ಕೆ ಹೋಗುತ್ತೆ.

ನನ್ನ ಲೆಕ್ಕ ಇಲ್ಲಿ ಖಡಾಖಡಿ. ಟೋಪಿಗೋಸ್ಕರ ಕಿಮೋದ ತಾರೀಖು ಮುಂದೂಡಬೇಡಿ. ಟೋಪಿಗೋಸ್ಕರ ಔಷಧ ಬದಲಿಸಿ, ಡೋಸ್ ಕಡಿಮೆ ಮಾಡಿ ಅಂತ ಕೇಳಬೇಡಿ. ಟೋಪಿ ಖರ್ಚಿಂದ ಕೊನೆಯ ಎರಡು ಕಿಮೋಗೆ ದುಡ್ಡು ಇಲ್ಲ ಅನ್ನೋ ಸ್ಥಿತಿ ಬರೋ ಹಾಗಿದ್ರೆ ಅಲ್ಲಿಗೇ ನಿಲ್ಲಿಸಿ. ಇದೇ ಕಾರಣಕ್ಕೆ ಕಿಮೋ ಮನೆಗೆ ಹತ್ತಿರ ಬರೋದು ನಮಗೆ ಮುಖ್ಯ. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಮೂರು ವರ್ಷದೊಳಗೆ ಡೇ ಕೇರ್ ಕ್ಯಾನ್ಸರ್ ಕೇಂದ್ರ ಮಾಡ್ತೀವಿ ಅಂತ 2025ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ್ದಾರೆ. ನಮ್ಮ ರಾಜ್ಯದಲ್ಲಿ ಅದೇ ವರ್ಷ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ ಶುರುವಾಯ್ತು. ಮೊದಲ ಕಿಮೋ ದೊಡ್ಡ ಆಸ್ಪತ್ರೆಯಲ್ಲಿ ಆದ ಮೇಲೆ ಉಳಿದವನ್ನ ಹತ್ತಿರದಲ್ಲಿ ತಗೋಬಹುದಾ ಅಂತ ಕೇಳಿ. ಎಷ್ಟೋ ಮನೆಗಳಿಗೆ ಟೋಪಿಗಿಂತ ಅದರಿಂದಲೇ ಹೆಚ್ಚು ಉಪಕಾರ.

ಕಾಮರ್ಸ್‌ನಲ್ಲಿ ಒಂದು ಪಾಠ ಇದೆ: ಹೋದ ದುಡ್ಡು ನೋಡಿ ಮುಂದಿನ ನಿರ್ಧಾರ ಮಾಡಬಾರದು. ಮೂರು ಸಲ ಟೋಪಿ ಹಾಕಿಸಿಯೂ ಕೂದಲು ತುಂಬಾ ಹೋಯ್ತು, ಅವ್ವಗೆ ತಲೆನೋವು ತಡೆಯೋಕಾಗ್ತಿಲ್ಲ ಅಂದ್ರೆ, "ಇಷ್ಟು ಖರ್ಚು ಮಾಡೇವಿ, ಮುಗಿಸೇ ಬಿಡೋಣ" ಅಂತ ಹಿಂಸೆ ಕೊಡಬೇಡಿ. ಡಾಕ್ಟರ್ ಕೇಳಿ, ಅವ್ವನ್ನೂ ಕೇಳಿ.

ಮನೆಯಲ್ಲಿ ಐಸ್ ಇಟ್ಟರೆ?

ಇದು ಬರೋ ಪ್ರಶ್ನೆ ಅಂತ ಗೊತ್ತು. ಫ್ರಿಜ್ಜಿನ ಐಸ್ ಟವೆಲಲ್ಲಿ ಸುತ್ತಿ ತಲೆಗೆ ಕಟ್ಟಿದರೆ ಆಗಲ್ವಾ? ಆಗಲ್ಲ. ತಂಪು ತಲೆಯ ಎಲ್ಲ ಕಡೆ ಒಂದೇ ಸಮ, ಗಂಟೆಗಟ್ಟಲೆ ನಿಲ್ಲಬೇಕು. ಐಸ್ ಹತ್ತು ನಿಮಿಷಕ್ಕೆ ಕರಗುತ್ತೆ. ಒಂದು ಕಡೆ ಚರ್ಮ ಸುಡುತ್ತೆ, ಇನ್ನೊಂದು ಕಡೆ ತಂಪೇ ತಾಗಿರಲ್ಲ. ಯಂತ್ರ ಇಲ್ಲದೆ ಕೈಯಿಂದ ಬದಲಿಸೋ ಜೆಲ್ ಟೋಪಿಗಳೂ ಇವೆ. ಅವನ್ನ ಸೊನ್ನೆಗಿಂತ ಬಹಳ ಕೆಳಗಿನ ತಂಪಲ್ಲಿಟ್ಟು, 20–30 ನಿಮಿಷಕ್ಕೊಂದು ಬದಲಿಸಬೇಕು. ಕಲಿತವರಿಲ್ಲದೆ ಅದಕ್ಕೆ ಕೈ ಹಾಕಬೇಡಿ, ಚರ್ಮ ಹೆಪ್ಪುಗಟ್ಟಿ ಗಾಯ ಆಗುತ್ತೆ. ಕೂದಲು ಉಳಿಸ್ತೀವಿ ಅನ್ನೋ ಎಣ್ಣೆ, ಕಷಾಯಗಳನ್ನೂ ಡಾಕ್ಟರಿಗೆ ತೋರಿಸದೆ ಕೊಡಬೇಡಿ.

ಬೇಡ ಅಂತ ತೀರ್ಮಾನಿಸಿದರೆ?

"ಬೇಡ" ಅನ್ನೋದೂ ಪೂರ್ತಿ ತೀರ್ಮಾನವೇ. ಅದಕ್ಕೂ ತಯಾರಿ ಬೇಕು.

ಕಿಮೋ ಶುರುವಾಗೋ ಮೊದಲೇ ಹೆರಳನ್ನ ಸಣ್ಣಗೆ ಕತ್ತರಿಸಿದರೆ, ಗೊಂಚಲು ಗೊಂಚಲು ಉದುರೋದನ್ನ ನೋಡೋ ಸಂಕಟ ಕಡಿಮೆ. ಯಾವಾಗ, ಯಾರು ಕತ್ತರಿಸಬೇಕು ಅನ್ನೋದು ಅವ್ವನೇ ಹೇಳಲಿ. ವಿಗ್ ಬೇಕಿದ್ದರೆ ಕೂದಲು ಇರುವಾಗಲೇ ಅಳತೆ, ಬಣ್ಣ ನೋಡಿಡಿ. ನಮ್ಮ ಬಿಸಿಲಿಗೆ ವಿಗ್ ಒಳಗೆ ತೆಳ್ಳನೆ ಹತ್ತಿ ಟೋಪಿ ಇರಲಿ. ನಮ್ಮ ಹಳ್ಳಿಗಳಲ್ಲಿ ತಲೆ ಮೇಲೆ ಸೆರಗು ಹೊತ್ತುಕೊಳ್ಳೋದು ಮೊದಲಿಂದಲೂ ಇದೆ, ಅದರಡಿ ಮೆತ್ತನೆ ಹತ್ತಿ ರುಮಾಲು ಕಟ್ಟಿದರೆ ಹೊರಗಿನವರಿಗೆ ಹೊಸದೇನೂ ಕಾಣಲ್ಲ. ಕೊನೆಯ ಕಿಮೋ ಆದ ಒಂದರಿಂದ ಮೂರು ತಿಂಗಳಲ್ಲಿ ಕೂದಲು ಮತ್ತೆ ಹುಟ್ಟುತ್ತೆ. ಮೊದಲು ಗುಂಗುರಾಗಿ, ಬೇರೆ ಬಣ್ಣದಲ್ಲಿ ಬರಬಹುದು. ಕೆಲವು ಔಷಧಗಳಲ್ಲಿ, ಅದರಲ್ಲೂ ಡೊಸಿಟ್ಯಾಕ್ಸೆಲ್‌ನಲ್ಲಿ, ಅಪರೂಪಕ್ಕೆ ಪೂರ್ತಿ ವಾಪಸ್ ಬರದೇ ಇರೋದುಂಟು.

ಮಕ್ಕಳೇ, ನಿಮಗೊಂದು ಕೆಲಸ: "ಕ್ಯಾನ್ಸರ್ ಅಂಟುರೋಗ ಅಲ್ಲ" ಅಂತ ಓಣಿಯಲ್ಲಿ ಹೇಳೋ ಜವಾಬ್ದಾರಿ ಅವ್ವನ ಮೇಲೆ ಹಾಕಬೇಡಿ, ಅದನ್ನ ನೀವು ತಗೊಳ್ಳಿ.

ಡಾಕ್ಟರನ್ನ ಕೇಳೋ ಆರು ಪ್ರಶ್ನೆ, ಸ್ಕ್ರೀನ್‌ಶಾಟ್ ತಗೊಳ್ಳಿ

1. ಕೊಡೋ ಔಷಧಗಳ ಹೆಸರೇನು, ಎಷ್ಟು ಸಲ?
2. ಈ ಔಷಧಕ್ಕೆ ಕೂದಲು ಪೂರ್ತಿ ಹೋಗುತ್ತಾ, ತೆಳುವಾಗುತ್ತಾ?
3. ಇವರ ಕಾಯಿಲೆಗೆ ತಲೆ ತಂಪು ಮಾಡೋದು ಸುರಕ್ಷಿತವಾ?
4. ಇಲ್ಲಿ ಯಂತ್ರ ಇದೆಯಾ? ಮೊದಲ ಕಿಮೋ ದಿನವೇ ಸಿಗುತ್ತಾ?
5. ಟೋಪಿ ಗಟ್ಟಿಯಾಗಿ ಕೂರಿಸೋಕೆ ತರಬೇತಿ ಆದ ಸಿಸ್ಟರ್ ಇದ್ದಾರಾ? ಸಡಿಲ ಇದ್ದ ಕಡೆ ಬೋಳು ಬೀಳುತ್ತೆ.
6. ಒಟ್ಟು ಖರ್ಚೆಷ್ಟು, ಯೋಜನೆಯಲ್ಲಿ ಬರುತ್ತಾ?

ಮೂರನೆಯದಕ್ಕೆ "ಇಲ್ಲ" ಬಂದರೆ ಮಾತು ಮುಗೀತು. ನಾಲ್ಕನೆಯದಕ್ಕೆ "ಇಲ್ಲ" ಬಂದರೂ ಕಿಮೋ ತಾರೀಖಿಗೆ ಕೈ ಹಚ್ಚಬೇಡಿ. ಎಲ್ಲಕ್ಕೂ ಒಳ್ಳೆ ಉತ್ತರ ಬಂತು, ಖರ್ಚು ತಡೆಯುತ್ತೆ, ಅವ್ವಗೂ ಮನಸ್ಸಿದೆ ಅಂದ್ರೆ ಧೈರ್ಯವಾಗಿ ಹಾಕಿಸಿ. ಅದು ಶೋಕಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕ್ಕೋಬೇಡಿ.

ಆ ತಂಗಿಗೆ ನಾನು ಇದೇ ಪ್ರಶ್ನೆಗಳನ್ನ ಕಳಿಸಿದ್ದೆ. ನಿನ್ನೆ ರಾತ್ರಿ ಮತ್ತೊಂದು ಮೆಸೇಜ್ ಬಂತು.

"ಅಣ್ಣಾ, ಕೇಳಿದ್ವಿ. ಕೆಂಪು ಔಷಧನ ಐತಿ ಅಂತ. ಅಲ್ಲಿ ಮಷಿನ್ ಇಲ್ಲ. ಅವ್ವಗ ಎಲ್ಲಾ ಬಿಡಿಸಿ ಹೇಳಿದೆ. ಸುಮ್ನ ಕೇಳಿದ್ಲು. ಆಮೇಲೆ, ಮತ್ತ ಹುಟ್ಟತಾವಲ್ಲಾ ಖರೇ, ಅಂತ ಎರಡು ಸಲ ಕೇಳಿದ್ಲು. ಇವತ್ತ ಮುಂಜಾನೆ ತಾನ ನನ್ನ ಕೈಯಾಗ ಕತ್ತರಿ ಕೊಟ್ಲು. ಹೆರಳು ಟ್ರಂಕಿನ್ಯಾಗ ಇಟ್ಟಾಳ. ಕೂದ್ಲಾ ಮಾರಾಂವ ಬಂದ್ರ ಕೊಡಬ್ಯಾಡ ಅಂದಾಳ. ಸೋಮವಾರ ಬೆಳಗಿನ ರೈಲಿಗೆ ಹೊಂಟೇವಿ."

ಹೋಗಿ ಬರ್ರಿ ಅವ್ವಾ. ನಾವೆಲ್ಲ ಇದ್ದೇವಿ.

ಈ ಸಂಚಿಕೆ ಯಾರಿಗೆ ಬೇಕೋ ಅವರಿಗೆ ಇವತ್ತೇ ಕಳಿಸಿ. ಮೊದಲ ಕಿಮೋ ಆದ ಮೇಲೆ ಕಳಿಸಿದರೆ ಟೋಪಿ ಬಗ್ಗೆ ಯೋಚಿಸೋಕೆ ಅವರಿಗೆ ಟೈಮ್ ಇರಲ್ಲ. ಮುಂದಿನ ವಾರ ಸಿಗೋಣ. ನಮಸ್ಕಾರ.